ಯುದ್ಧದ ಸುದ್ದಿ ಬಂದಾಗ ಊರಿನ ದಿನಚರಿ: ಬೆಳಗಾವಿಯಲ್ಲಿ ಸಾಕ್ಷ್ಯಚಿತ್ರ ಮಾಡುವವರಿಗೆ ಒಂದು ಮಾರ್ಗದರ್ಶಿ

ಬೆಳಗಾವಿಯಿಂದ ಪಾಕಿಸ್ತಾನದ ಗಡಿ ಬಹಳ ದೂರ. ಗಡಿ ಊರುಗಳ ಹಾಗೆ ಇಲ್ಲಿ ರಾತ್ರಿ ಸೈರನ್ ಕೂಗಿ ಜನರನ್ನು ಎಬ್ಬಿಸುವುದಿಲ್ಲ. ಆದರೂ ಲಡಾಯಿ ಮಾತು ಶುರುವಾಯಿತೆಂದರೆ ಈ ಊರಿಗೆ ಅದು ಬರೀ ಟಿವಿ ಸುದ್ದಿ ಆಗಿರುವುದಿಲ್ಲ. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಇರುವುದು ಇಲ್ಲೇ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಕೇಂದ್ರ ಇದೆ. 1945ರಲ್ಲಿ ಶುರುವಾದ ಮಿಲಿಟರಿ ಸ್ಕೂಲ್ ಇದೆ. ಸುತ್ತಲಿನ ಹಳ್ಳಿಗಳ ಎಷ್ಟೋ ಓಣಿಗಳಲ್ಲಿ ‘ನಮ್ಮ ಹುಡುಗ ಮಿಲ್ಟ್ರಿಯೊಳಗ ಅದಾನ’ ಅನ್ನುವ ಮನೆ ಒಂದಾದರೂ ಸಿಗುತ್ತದೆ.

2025ರ ಏಪ್ರಿಲ್ 22ರಂದು ಪಹಲ್ಗಾಮ್ ದಾಳಿ ಆಯಿತು. ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ಶುರುವಾಯಿತು. 10ರ ಸಂಜೆ ದಾಳಿ ನಿಲ್ಲಿಸಲು ಎರಡೂ ಕಡೆ ಒಪ್ಪಿದವು. ಆ ದಿನಗಳಲ್ಲಿ ಜಮ್ಮು, ಅಮೃತಸರದ ಜನ ದೀಪ ಆರಿಸಿ ಕುಳಿತಿದ್ದರು. ಇಲ್ಲಿ ದೀಪ ಆರಿಸುವ ಪ್ರಸಂಗ ಬರಲಿಲ್ಲ. ಆದರೆ ಮಗ ಎಲ್ಲಿದ್ದಾನೆಂದು ಗೊತ್ತಿಲ್ಲದ ಮನೆಗಳಲ್ಲಿ ಫೋನ್ ಚಾರ್ಜಿನಲ್ಲಿದೆಯೋ ಇಲ್ಲವೋ ಅಂತ ಗಳಿಗೆಗೊಮ್ಮೆ ನೋಡುವುದೇ ಒಂದು ಕೆಲಸವಾಗಿತ್ತು. ಅಂಥ ದಿನಗಳ ಬಗ್ಗೆ ಚಿತ್ರ ಮಾಡುವುದು ಹೇಗೆ ಅನ್ನುವುದೇ ಈ ಬರಹದ ವಿಷಯ. ಇಬ್ಬರು ಜನ, ಒಂದು ಫೋನ್ ಅಥವಾ ಸಣ್ಣ ಕ್ಯಾಮೆರಾ, ಇಪ್ಪತ್ತರಿಂದ ಮೂವತ್ತು ನಿಮಿಷದ ಚಿತ್ರ ಅಂತ ಇಟ್ಟುಕೊಳ್ಳೋಣ.

ವಿಷಯವನ್ನು ಕುಗ್ಗಿಸಿಕೊಳ್ಳಿ

‘ಯುದ್ಧ ಮತ್ತು ಬೆಳಗಾವಿ’ ಅಂತ ಶುರು ಮಾಡಿದರೆ ಕೆಟ್ಟಿರಿ. ಕೋಟೆ, ಚನ್ನಮ್ಮ ವೃತ್ತ, ಮಾಜಿ ಸೈನಿಕರ ಭಾಷಣ, ಮೇಲಿಂದ ಊರಿನ ಒಂದು ನೋಟ, ಹಿಂದೆ ಬ್ಯಾಂಡಿನ ಸಂಗೀತ. ಇಂಥದನ್ನು ನಾವೆಲ್ಲ ನೋಡಿ ಸಾಕಾಗಿದೆ, ಅಲ್ವಾ? ಒಂದು ಮನೆ, ಒಂದು ಅಂಗಡಿ ಅಥವಾ ಒಂದು ರಸ್ತೆ ಆರಿಸಿಕೊಳ್ಳಿ. ಮಗ ಸೈನ್ಯದಲ್ಲಿರುವ ವಡಗಾವಿಯ ನೇಕಾರರ ಮನೆ. ಕ್ಯಾಂಪಿನ (ಕಂಟೋನ್ಮೆಂಟಿನ) ಹತ್ತಿರ ಸಿಪಾಯಿಗಳ ಟ್ರಂಕು, ಬೂಟು, ಬೆಲ್ಟು ಮಾರುವ ಅಂಗಡಿ. ರಜೆ ರದ್ದಾಗಿ ವಾಪಸ್ ಹೊರಟವರನ್ನು ಸ್ಟೇಷನ್ನಿಗೆ ಬಿಡುವ ಆಟೋ. ಮೂರೂ ಬೇಡ, ಒಂದು ಸಾಕು.

ನಿಜವಾಗಿ ಯುದ್ಧದ ಬಾಯಲ್ಲೇ ಇದ್ದ ಊರುಗಳಲ್ಲೂ ಬದುಕು ಕಾಣುವುದು ಇಷ್ಟೇ ಸಣ್ಣ ಜಾಗಗಳಲ್ಲಿ. ಬೋಸ್ನಿಯಾದ ಸರಾಯೆವೊ ನಗರವನ್ನು 1992ರಿಂದ 1996ರವರೆಗೆ 1,425 ದಿನ ಮುತ್ತಿಗೆ ಹಾಕಿದ್ದರು. ಆಗ ಜನ ಕ್ಯಾನು ಹಿಡಿದು ನೀರಿಗಾಗಿ ಬಿಯರ್ ಕಾರ್ಖಾನೆಯ ಮುಂದೆ ಸಾಲು ನಿಲ್ಲುತ್ತಿದ್ದರು. ಉಕ್ರೇನಿನ ಖಾರ್ಕಿವ್ ನಗರದಲ್ಲಿ 2023ರಲ್ಲಿ ಮಕ್ಕಳ ಶಾಲೆಯನ್ನೇ ಮೆಟ್ರೊ ಸ್ಟೇಷನ್ನುಗಳ ಒಳಗೆ ನಡೆಸಿದರು. ಟ್ಯಾಂಕಿನ ಚಿತ್ರಕ್ಕಿಂತ ಆ ಕ್ಯಾನು, ಆ ತರಗತಿ ಜಾಸ್ತಿ ಹೇಳುತ್ತವೆ. ನಿಮ್ಮ ಚಿತ್ರದಲ್ಲಿ ಅಂಥ ವಸ್ತು ಯಾವುದು? ಅದು ಸಿಗುವವರೆಗೆ ಕ್ಯಾಮೆರಾ ಹೊರಗೆ ತೆಗೆಯಬೇಡಿ.

ಮಾಮೂಲಿ ದಿನವನ್ನು ಮೊದಲು ಹಿಡಿಯಿರಿ

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಯುದ್ಧದ ಹೆದರಿಕೆಯನ್ನು ನೇರವಾಗಿ ಚಿತ್ರೀಕರಿಸಲು ಆಗುವುದಿಲ್ಲ. ಮಾಮೂಲಿ ದಿನ ಎಲ್ಲಿ ಸ್ವಲ್ಪ ಜರುಗಿತು ಅನ್ನುವುದನ್ನು ಮಾತ್ರ ತೋರಿಸಬಹುದು. ಮಾಮೂಲಿ ದಿನವೇ ನಿಮ್ಮ ಹತ್ತಿರ ಇಲ್ಲದಿದ್ದರೆ ಜರುಗಿದ್ದು ನೋಡುವವರಿಗೆ ತಿಳಿಯುವುದಾದರೂ ಹೇಗೆ? ಹಾಗಾಗಿ ಊರು ಶಾಂತವಾಗಿದ್ದಾಗಲೇ ಕೆಲಸ ಶುರು ಮಾಡಿ.

ಮೊದಲು ಒಂದು ದಿನಚರಿ ಹಾಳೆ ಮಾಡಿ. ಮನೆಯಲ್ಲಿ ಸುಮ್ನೆ ಕುಳಿತು ಬರೆದುಕೊಳ್ಳಿ. ಹಾಲು ಎಷ್ಟು ಗಂಟೆಗೆ ಬರುತ್ತದೆ, ನಳದ ನೀರು ಯಾವ ದಿನ ಬರುತ್ತದೆ, ಆಗ ಯಾರು ಏಳುತ್ತಾರೆ, ಮಕ್ಕಳ ಆಟೋ ಎಷ್ಟೊತ್ತಿಗೆ, ಮಗ್ಗ ಯಾವಾಗ ಶುರು, ಕರೆಂಟು ಹೋದರೆ ಏನು ಮಾಡುತ್ತಾರೆ, ಸಂಜೆ ಟಿವಿಯಲ್ಲಿ ಧಾರಾವಾಹಿಯೋ ಸುದ್ದಿಯೋ, ಮಗನ ಫೋನ್ ಎಂದು ಬರುತ್ತದೆ, ಬಂದಾಗ ಮೊದಲು ಯಾರು ಮಾತಾಡುತ್ತಾರೆ. ಪಕ್ಕದಲ್ಲಿ ಒಂದು ಖಾಲಿ ಸಾಲು ಬಿಡಿ. ಉದ್ವಿಗ್ನತೆ ಬಂದ ದಿನ ಅದೇ ಹಾಳೆ ಹಿಡಿದು ಹೋಗಿ ಆ ಸಾಲು ತುಂಬಿ. ಧಾರಾವಾಹಿ ನಿಂತು ಸುದ್ದಿ ಬಂದಿರಬಹುದು. ಅಥವಾ ಉಲ್ಟಾ, ಸುದ್ದಿ ನೋಡಲಾಗದೆ ಟಿವಿಯನ್ನೇ ಬಂದ್ ಮಾಡಿರಬಹುದು. ಫೋನ್ ಮೊದಲು ಎತ್ತುವವರು ಬದಲಾಗಿರಬಹುದು. ನಿಮ್ಮ ಚಿತ್ರಕಥೆ ಈ ಎರಡು ಸಾಲುಗಳ ನಡುವೆ ಇರುತ್ತದೆ.

ಒಂದು ದೃಶ್ಯ ಹೀಗಿರಬಹುದು. ಅಡುಗೆಮನೆಯಲ್ಲಿ ತಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಬೇರೆ ದಿನ ಫೋನ್ ಹೊರಗಿನ ಕೋಣೆಯಲ್ಲಿ ಟಿವಿ ಮೇಲೆ ಇರುತ್ತದೆ, ರಿಂಗಾದರೆ ಯಾರೋ ತಂದು ಕೊಡುತ್ತಾರೆ. ಇವತ್ತು ಅದು ಒಲೆಯ ಪಕ್ಕ, ಹಿಟ್ಟಿನ ಡಬ್ಬಿಗೆ ಒರಗಿ ನಿಂತಿದೆ. ಪರದೆಯ ಮೇಲೆ ಹಿಟ್ಟಿನ ಬೆರಳಿನ ಗುರುತು. ರಿಂಗಾದಾಗ ಎರಡೂ ಕೈ ಹಿಟ್ಟಾಗಿದೆ ಅಂತ ಮೊಣಕೈಯಿಂದ ಒತ್ತಲು ನೋಡುತ್ತಾರೆ. ಕಂಪನಿಯ ಜಾಹೀರಾತು ಕರೆ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿದೆ. ಇಷ್ಟನ್ನು ತುಂಡು ಮಾಡದೆ ಒಂದೇ ಶಾಟಿನಲ್ಲಿ ಹಿಡಿದರೆ ‘ನಿಮಗೆ ಭಯ ಆಗ್ತದೇನ್ರಿ’ ಅಂತ ಕೇಳುವ ಅಗತ್ಯವೇ ಬೀಳುವುದಿಲ್ಲ. ಆದರೆ ಫೋನ್ ಬೇರೆ ದಿನ ಎಲ್ಲಿರುತ್ತಿತ್ತು ಅನ್ನುವುದು ಮೊದಲೇ ಚಿತ್ರದಲ್ಲಿ ಬಂದಿರಬೇಕು.

ಮಾಮೂಲಿ ದಿನ ಚಿತ್ರೀಕರಿಸುವ ಮೊದಲೇ ಗಲಾಟೆ ಶುರುವಾದರೆ? ಎಲ್ಲ ತಣ್ಣಗಾದ ಮೇಲೆ ಹಿಡಿಯಿರಿ, ತಪ್ಪೇನಿಲ್ಲ. ಆದರೆ ಆಮೇಲಿನದನ್ನು ಮುಂಚಿನದು ಅಂತ ತೋರಿಸಬೇಡಿ. ಪರದೆಯ ಮೇಲೆ ತಿಂಗಳು, ವರ್ಷ ಹಾಕಿ.

ಒಪ್ಪಿಗೆ ಕೇಳುವುದು

ಬೆಳಗಾವಿಯಲ್ಲಿ ಬಾಗಿಲಲ್ಲಿ ನಿಂತು ಕಾಗದ ಚಾಚಿದರೆ ಯಾರೂ ಸಹಿ ಹಾಕುವುದಿಲ್ಲ. ಹಾಕಲೂಬಾರದು. ಮೊದಲು ಚಹಾ ಕುಡಿಯಿರಿ. ಮಾತು ಹೀಗೆ ಶುರುವಾಗಲಿ:

‘ಕಾಕಾರ, ನಾವು ನಿಮ್ಮ ಮನಿ ಬಗ್ಗೆ ಒಂದು ಸಿನಿಮಾ ಮಾಡಬೇಕಂತೀವ್ರಿ. ಟಿವಿಯವರಲ್ಲ. ಇವತ್ತ ಏನೂ ಶೂಟಿಂಗ್ ಮಾಡಂಗಿಲ್ಲ.’

‘ನಮ್ಮ ಮನ್ಯಾಗ ಏನೈತಪಾ ಸಿನಿಮಾ ಮಾಡಾಕ?’

‘ನೀವು ದಿನಾ ಏನ್ ಮಾಡ್ತೀರಿ, ಅದ ರೀ.’

‘ಹುಡುಗನ ಹೆಸರು ಹಾಕಬ್ಯಾಡ್ರಿ ಮತ್ತ. ಅವಂಗೇನರ ತ್ರಾಸಾದೀತು.’

ಕೊನೆಯ ಮಾತು ಬಹುತೇಕ ಎಲ್ಲ ಮನೆಗಳಲ್ಲೂ ಬರುತ್ತದೆ. ಅದು ಸರಿಯಾದ ಕಾಳಜಿ. ಸೇವೆಯಲ್ಲಿರುವ ಸೈನಿಕರು ಮೇಲಿನವರ ಅನುಮತಿ ಇಲ್ಲದೆ ಮಾಧ್ಯಮದ ಮುಂದೆ ಮಾತಾಡುವಂತಿಲ್ಲ. ರಜೆಗೆ ಬಂದ ಹುಡುಗ ಖುಷಿಯಿಂದ ಕ್ಯಾಮೆರಾ ಮುಂದೆ ಕುಳಿತರೂ ನೀವೇ ಬೇಡ ಅನ್ನಿ. ಆಮೇಲೆ ಉತ್ತರ ಕೊಡಬೇಕಾದವನು ಅವನು. ಮನೆಯವರು, ನಿವೃತ್ತರು ಮಾತಾಡಲಿ.

ಬರಹದ ಒಪ್ಪಿಗೆ ಅವರು ಓದುವ ಭಾಷೆಯಲ್ಲೇ ಇರಲಿ. ಕನ್ನಡ, ಮರಾಠಿ, ಉರ್ದು, ಯಾವುದಾದರೂ ಸರಿ. ಓದಲು ಬಾರದವರಿಗೆ ಓದಿ ಹೇಳಿ, ಅದನ್ನು ಧ್ವನಿಮುದ್ರಿಸಿ. ಒಂದು ಸಲ ಸಹಿ ಹಾಕಿಸಿಕೊಂಡು ಕೈ ತೊಳೆದುಕೊಳ್ಳುವುದು ಬೇಡ. ಶೂಟಿಂಗಿಗೆ ಮುಂಚೆ ಒಮ್ಮೆ, ಎಡಿಟಿಂಗ್ ಮುಗಿದ ಮೇಲೆ ಚಿತ್ರ ತೋರಿಸಿ ಇನ್ನೊಮ್ಮೆ ಕೇಳಿ. ‘ಇಂಥ ತಾರೀಖಿನವರೆಗೆ ಬೇಡ ಅಂದರೆ ತೆಗೆಯುತ್ತೇವೆ’ ಅಂತ ಬರೆದು ಕೊಡಿ. ಮಕ್ಕಳಿದ್ದರೆ ಹೆತ್ತವರ ಒಪ್ಪಿಗೆ ಸಾಲದು, ಮಗುವಿನ ಮುಖವನ್ನೂ ನೋಡಿ ತೀರ್ಮಾನಿಸಿ.

ದುಡ್ಡಿನ ಪ್ರಶ್ನೆ ಬಂದೇ ಬರುತ್ತದೆ. ಮಾತಾಡಿದ್ದಕ್ಕೆ ದುಡ್ಡು ಕೊಡಬೇಡಿ, ಮಾತಿನ ಬಣ್ಣ ಬದಲಾಗುತ್ತದೆ. ಆದರೆ ಪವರ್‌ಲೂಮ್ ನಡೆಸುವವರು ನಿಮಗಾಗಿ ಅರ್ಧ ದಿನ ಮಗ್ಗ ನಿಲ್ಲಿಸಿದರೆ ಆ ಅರ್ಧ ದಿನದ ಕೂಲಿ ಕೊಡುವುದು ನ್ಯಾಯ. ಕೊಟ್ಟಿದ್ದನ್ನು ಲೆಕ್ಕದಲ್ಲಿ ಬರೆದಿಡಿ.

ಏನನ್ನು ಚಿತ್ರೀಕರಿಸಬಾರದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ನಿಷೇಧಿತ ಜಾಗದ ಚಿತ್ರ, ನಕ್ಷೆ ತೆಗೆಯುವುದು ಅದರಡಿ ಅಪರಾಧವಾಗಬಹುದು. ರಕ್ಷಣಾ ನೆಲೆಗಳ ವಿಷಯದಲ್ಲಿ ಶಿಕ್ಷೆ 14 ವರ್ಷದವರೆಗೂ ಹೋಗುತ್ತದೆ. ಕ್ಯಾಂಪಿನ ರಸ್ತೆಗಳಲ್ಲಿ ನಾವೆಲ್ಲ ದಿನಾ ಓಡಾಡುತ್ತೇವೆ, ಮಿಲಿಟರಿ ಮಹಾದೇವನಿಗೆ ಕೈ ಮುಗಿದು ಬರುತ್ತೇವೆ. ಹಾಗಂತ ಗೇಟು, ಕಾವಲುಗಾರ, ಕಾಂಪೌಂಡು, ವಾಹನಗಳ ಸಾಲು ನಿಮ್ಮ ಫ್ರೇಮಿಗೆ ಬರಬಹುದು ಅಂತಲ್ಲ. ಕೋಟೆಯ ಒಳಗೂ ಸೈನ್ಯದ ವಶದಲ್ಲಿರುವ ಜಾಗ ಇದೆ. ಕ್ರಿ.ಶ. 1204ರ ಕಮಲ ಬಸದಿ ನೋಡಲು ಹೋದಾಗ ಕ್ಯಾಮೆರಾ ಎತ್ತ ತಿರುಗಿದೆ ಅನ್ನುವ ಎಚ್ಚರ ಇರಲಿ.

ಡ್ರೋನ್ ಆಸೆ ಬಿಟ್ಟುಬಿಡಿ. 2021ರ ಡ್ರೋನ್ ನಿಯಮಗಳಲ್ಲಿ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯ ಅಂತ ಹಂಚಿದ್ದಾರೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. 250 ಗ್ರಾಂ ಒಳಗಿನ ನ್ಯಾನೊ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ ಅನ್ನುವುದು ನಿಜ. ಆದರೆ ಎಲ್ಲಿ ಬೇಕಾದರೂ ಹಾರಿಸಬಹುದು ಅಂತ ಅದರ ಅರ್ಥ ಅಲ್ಲ. ಕಂಟೋನ್ಮೆಂಟು, ವಿಮಾನ ನಿಲ್ದಾಣ, ವಾಯುಪಡೆ ಎಲ್ಲ ಇರುವ ಊರಿದು. ಅಷ್ಟಕ್ಕೂ ಒಂದು ಮನೆಯ ಕಥೆಗೆ ಆಕಾಶದಿಂದ ನೋಡುವ ಕೆಲಸ ಏನು?

ರೈಲ್ವೆ ಸ್ಟೇಷನ್ನಿನಲ್ಲಿ ಚಿತ್ರೀಕರಿಸಲು ರೈಲ್ವೆಯ ಅನುಮತಿ ಬೇಕು. ಬೆಳಗಾವಿ ಹುಬ್ಬಳ್ಳಿ ವಿಭಾಗಕ್ಕೆ ಸೇರುತ್ತದೆ, ಅರ್ಜಿ ಯಾರಿಗೆ ಹಾಕಬೇಕು ಅಂತ ಅಲ್ಲಿ ವಿಚಾರಿಸಿ. ಸಿಕ್ಕರೂ ಸೈನಿಕರು ಹತ್ತುವ ಡಬ್ಬಿ, ರೈಲಿನ ಹೆಸರು, ತಾರೀಖು ಕಾಣಬಾರದು. 2025ರ ಏಪ್ರಿಲ್ 26ರಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಒಂದು ಸಲಹಾ ಸೂಚನೆ ಹೊರಡಿಸಿತ್ತು. ರಕ್ಷಣಾ ಕಾರ್ಯಾಚರಣೆ, ಪಡೆಗಳ ಓಡಾಟವನ್ನು ನೇರವಾಗಿ ತೋರಿಸಬೇಡಿ ಅಂತ ಚಾನೆಲ್‌ಗಳಿಗೆ ಮಾತ್ರವಲ್ಲ, ಸೋಷಿಯಲ್ ಮೀಡಿಯಾ ಬಳಸುವವರಿಗೂ ಹೇಳಿತ್ತು. ಶೂಟಿಂಗ್ ನಡೆಯುವಾಗ ‘ಸಣ್ಣ ತುಣುಕು’ ಸ್ಟೇಟಸ್ಸಿಗೆ ಹಾಕುವ ಚಟ ಇದ್ದರೆ ಈ ವಿಷಯವನ್ನು ಮುಟ್ಟಲೇಬೇಡಿ.

ಕಾನೂನಿಗಿಂತ ಸೂಕ್ಷ್ಮವಾದದ್ದು ಮನೆಯೊಳಗಿನ ಗುರುತುಗಳು. ಸೈನಿಕರಿಗೆ ಬರೆಯುವ ಕಾಗದದ ಮೇಲೆ ಊರಿನ ಹೆಸರು ಇರುವುದಿಲ್ಲ, 56 ಎಪಿಒ ಅಥವಾ 99 ಎಪಿಒ (ಸೈನ್ಯದ ಅಂಚೆ ಕಚೇರಿ) ಅಂತಷ್ಟೇ ಇರುತ್ತದೆ. ಯೂನಿಟ್ ಎಲ್ಲಿದೆ ಅಂತ ಯಾರಿಗೂ ತಿಳಿಯದಿರಲಿ ಅನ್ನುವುದೇ ಉದ್ದೇಶ. ಸೈನ್ಯ ಇಷ್ಟು ಜತನ ಮಾಡಿದ್ದನ್ನು ನಿಮ್ಮ ಒಂದು ಶಾಟು ಹಾಳು ಮಾಡಬಾರದು. ಗೋಡೆಯ ಫೋಟೊದಲ್ಲಿರುವ ಭುಜದ ಪಟ್ಟಿ, ಬಾಗಿಲ ಮೇಲಿನ ಹೆಸರಿನ ಫಲಕ, ಬೈಕಿನ ನಂಬರು, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ರಜೆಯ ತಾರೀಖು, ‘ಈಗ ಇಂಥ ಕಡೆ ಅದಾನ’ ಅನ್ನುವ ಮಾತು. ಎಲ್ಲವನ್ನೂ ಶೂಟಿಂಗ್ ಹೊತ್ತಿನಲ್ಲೇ ಫ್ರೇಮಿನಿಂದ ಹೊರಗಿಡಿ. ಆಮೇಲೆ ಮಸುಕು ಮಾಡೋಣ ಅಂದರೆ ಎಲ್ಲೋ ಒಂದು ಉಳಿದುಬಿಡುತ್ತದೆ. ಸಿಪಾಯಿಯ ಕರಿ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು ಬರೆಯುವ ಪೇಂಟರ್ ಸಿಕ್ಕರೆ ಅದ್ಭುತ ದೃಶ್ಯ. ಕುಂಚದ ಶಾಟು ತೆಗೆಯಿರಿ, ಕೈಯದು ತೆಗೆಯಿರಿ, ಡಬ್ಬಿಯಲ್ಲಿ ಕಲಕುವ ಬಣ್ಣದ್ದು ತೆಗೆಯಿರಿ. ನಂಬರು ಬಿಡಿ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡುವುದನ್ನು ಮೊದಲ ದಿನವೇ ಮುಗಿಸಿ.

ಬೀದಿಯಲ್ಲಿ ಶೂಟಿಂಗ್ ಇದ್ದರೆ ನಗರ ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿಯ ಪ್ರತಿ ಜೇಬಿನಲ್ಲಿ ಇಟ್ಟುಕೊಳ್ಳಿ. ಉದ್ವಿಗ್ನ ದಿನಗಳಲ್ಲಿ ಕ್ಯಾಮೆರಾ ಕಂಡರೆ ಜನರೇ ಬಂದು ಕೇಳುತ್ತಾರೆ. ಕೇಳಿದವರ ಮೇಲೆ ಸಿಟ್ಟಾಗಬೇಡಿ, ನಿಲ್ಲಿಸಿ ಹೇಳಿ.

ಸಾಮಾನು

ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಳ್ಳೆಯ ಫೋನ್, ಒಂದು ಕಾಲರ್ ಮೈಕು, ಸಣ್ಣ ಟ್ರೈಪಾಡ್, ಪವರ್ ಬ್ಯಾಂಕ್, ಇಯರ್‌ಫೋನ್ ಸಾಕು. ದುಡ್ಡಿದ್ದರೆ ಕ್ಯಾಮೆರಾಗಿಂತ ಮೊದಲು ಮೈಕಿಗೆ ಹಾಕಿ. ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ ಸೆಕೆಂಡಿನ 1/50 ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಇಲ್ಲದಿದ್ದರೆ ಟ್ಯೂಬ್‌ಲೈಟಿನಡಿ ಚಿತ್ರ ಮಿಣಮಿಣ ಅನ್ನುತ್ತದೆ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ, ಬೆಳಕು, ಬಣ್ಣ ನಡುವೆ ತಾನಾಗಿ ಬದಲಾಗಬಾರದು. ಫ್ಲೈಟ್ ಮೋಡಿನಲ್ಲಿ ಶೂಟ್ ಮಾಡಿ. ಫೋನಿನಲ್ಲಿ 4ಕೆ ತೆಗೆದರೆ ಗಂಟೆಗೆ ಸುಮಾರು 10ರಿಂದ 20 ಜಿಬಿ ಜಾಗ ಹೋಗುತ್ತದೆ, ಅದನ್ನು ಲೆಕ್ಕ ಹಾಕಿ ಹೊರಡಿ.

ಕಿವಿಯಿಂದ ಶುರು ಮಾಡಿ

ಶಬ್ದವನ್ನು ಎರಡನೇ ದರ್ಜೆಗೆ ತಳ್ಳುವವರೇ ಜಾಸ್ತಿ. ಇಂಥ ಚಿತ್ರದಲ್ಲಿ ಅರ್ಧ ಕಥೆ ಶಬ್ದದಲ್ಲೇ ಇರುತ್ತದೆ. ವಡಗಾವಿ, ಶಹಾಪುರದ ಓಣಿಗಳಲ್ಲಿ ಪವರ್‌ಲೂಮಿನ ಟಕಟಕ ದಿನವಿಡೀ. ಅದು ಇದ್ದಕ್ಕಿದ್ದ ಹಾಗೆ ನಿಂತರೆ ಕರೆಂಟು ಹೋಗಿದೆ ಅಥವಾ ಯಾರೋ ಫೋನಿಗೆ ಓಡಿದ್ದಾರೆ. ಆ ವ್ಯತ್ಯಾಸ ನೋಡುವವರ ಕಿವಿಗೆ ಬೀಳಬೇಕಾದರೆ ಮಗ್ಗದ ಸದ್ದನ್ನು ಚಿತ್ರದ ಮೊದಲ ಭಾಗದಲ್ಲಿ ಧಾರಾಳವಾಗಿ ಬಿಟ್ಟಿರಬೇಕು. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಕೋಣೆಯ ಸದ್ದು ಹಿಡಿಯಿರಿ, ಎಡಿಟಿಂಗಿನಲ್ಲಿ ತೇಪೆ ಹಾಕಲು ಬೇಕಾಗುತ್ತದೆ. ಮಾತಿನ ಮಟ್ಟ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸು ಇರಲಿ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಸಂದರ್ಶನ ಇಟ್ಟುಕೊಳ್ಳಬೇಡಿ, ಬೆಳಗಾವಿಯ ಮಳೆ ಯಾರ ಮಾತನ್ನೂ ಕೇಳಿಸಗೊಡುವುದಿಲ್ಲ.

ಟಿವಿ ಓಡುತ್ತಿದ್ದರೆ ಕ್ಯಾಮೆರಾ ಟಿವಿಯ ಕಡೆ ಬೇಡ, ನೋಡುವವರ ಮುಖದ ಕಡೆ ಇರಲಿ. ಚಾನೆಲ್ಲಿನ ಚಿತ್ರ, ಹಾಡು ಬಂದರೆ ಹಕ್ಕಿನ ತಕರಾರು ಬೇರೆ. ಸ್ಟುಡಿಯೊದಲ್ಲಿ ಮೇಜು ಕುಟ್ಟಿ ಕೂಗುವ ಸದ್ದು ಕೋಣೆಯ ಗೋಡೆಗೆ ಬಡಿದು ಸಣ್ಣದಾಗಿ ಕೇಳಿಸಿದರೆ ಸಾಕು. ಎದುರಿಗೆ ಕುಳಿತ ಅಜ್ಜಿ ರಿಮೋಟ್ ಹಿಡಿದ ಬೆರಳು ನೋಡಿ.

ಅಜ್ಜಂದಿರ ಮಾತು

ಬೆಳಗಾವಿ ಒಂದು ಸಲ ನಿಜವಾಗಿಯೂ ಯುದ್ಧದ ಹೊಸ್ತಿಲಲ್ಲಿತ್ತು. 1961ರ ಡಿಸೆಂಬರಿನಲ್ಲಿ ಗೋವಾ ಬಿಡಿಸಲು ಹೊರಟ ಸೈನ್ಯ ಜಮಾಯಿಸಿದ್ದು ಇಲ್ಲಿ. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಪದಾತಿ ಡಿವಿಷನ್ ಈ ಕಾರ್ಯಾಚರಣೆಯ ಮುಂಚೂಣಿಯಲ್ಲಿತ್ತು. ಒಂದು ಬ್ರಿಗೇಡ್ ಅನಮೋಡ ಘಾಟಿನ ಕಡೆಯಿಂದ ಇಳಿಯಿತು. ಡಿಸೆಂಬರ್ 19ಕ್ಕೆ ಪೋರ್ಚುಗೀಸರು ಶರಣಾದರು. ಆಗ ಹತ್ತು ವರ್ಷದ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತೈದರ ಹತ್ತಿರ. ಅವರನ್ನು ಮಾತಾಡಿಸಲು ಇನ್ನೂ ತಡ ಮಾಡುವಂತಿಲ್ಲ. ಇಂದಿನ ಮನೆಯ ಕಥೆಗೆ ಪಕ್ಕದ ಮನೆಯ ಅಜ್ಜನ ನೆನಪು ಸೇರಿದರೆ ಚಿತ್ರಕ್ಕೆ ಆಳ ಬರುತ್ತದೆ.

ಆದರೆ ನೆನಪು ಕಲಸಿಹೋಗಿರುತ್ತದೆ. ಗೋವಾದ್ದು, ಮರುವರ್ಷದ ಚೀನಾದ್ದು, 1965, 1971 ಎಲ್ಲ ಸೇರಿ ಒಂದೇ ಲಡಾಯಿ ಆಗಿರುತ್ತದೆ. ‘ಯಾವ ಇಸವಿ ಅಜ್ಜಾರ?’ ಅಂತ ಕೇಳಿ ಫಲ ಇಲ್ಲ. ‘ಆಗ ನೀವು ಎಷ್ಟನೇ ಇಯತ್ತೆ?’, ‘ಮದುವಿ ಆಗಿತ್ತೇನ್ರಿ?’, ‘ಚಳಿ ಇತ್ತೋ ಮಳಿ ಇತ್ತೋ?’ ಅಂತ ಕೇಳಿ. ಮಳೆಯಿತ್ತು ಅಂದರೆ ಅದು ಗೋವಾ ಕಾರ್ಯಾಚರಣೆ ಇರಲಾರದು. ಹೇಳಿದ್ದನ್ನು ಹಳೆಯ ಪತ್ರಿಕೆಗಳ ಜತೆ ತಾಳೆ ನೋಡಿ. ತಾಳೆಯಾಗದಿದ್ದರೆ ಅವರನ್ನು ತಿದ್ದಲು ಹೋಗಬೇಡಿ, ಚಿತ್ರದಲ್ಲಿ ತಾರೀಖು ಮಾತ್ರ ಸರಿಯಾಗಿ ಹಾಕಿ. ಹಳೆಯ ಫೋಟೊಗಳನ್ನು ಮನೆಯಿಂದ ಒಯ್ಯಬೇಡಿ. ಕಿಟಕಿಯ ಬೆಳಕಿನಲ್ಲಿ ಅಲ್ಲೇ ಪ್ರತಿ ತೆಗೆದುಕೊಳ್ಳಿ.

ಕೆಟ್ಟ ಸುದ್ದಿ ಬಂದರೆ

ಚಿತ್ರೀಕರಿಸುತ್ತಿರುವ ಮನೆಗೇ ಬರಬಹುದು. ಏನು ಮಾಡಬೇಕು ಅಂತ ಜತೆಗಾರರೊಂದಿಗೆ ಮೊದಲೇ ಮಾತಾಡಿಕೊಂಡಿರಿ. ನನ್ನ ಅಭಿಪ್ರಾಯ ಸ್ಪಷ್ಟ: ಕ್ಯಾಮೆರಾ ಬಂದ್. ಅಂಥ ಹೊತ್ತಿನಲ್ಲಿ ಓಣಿ ತುಂಬ ಮೈಕುಗಳು ಬರುತ್ತವೆ. ನೀವು ನೀರು ತರುವ, ಕುರ್ಚಿ ಹಾಕುವ ಕೆಲಸಕ್ಕೆ ನಿಲ್ಲಿ. ತಿಂಗಳುಗಳ ನಂತರ ಅವರಾಗಿಯೇ ಮಾತಾಡಬೇಕು ಅಂದರೆ ಆಗ ನೋಡೋಣ. ಅನ್ನದಿದ್ದರೆ ಚಿತ್ರ ಅಲ್ಲಿಗೇ ನಿಲ್ಲಲಿ.

ಎಡಿಟಿಂಗ್

ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಇಷ್ಟು ಚಿತ್ರಕ್ಕೆ ಧಾರಾಳ. ಮೊದಲು ಎಲ್ಲ ಮಾತುಗಳನ್ನು ಬರಹಕ್ಕಿಳಿಸಿ. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟವರ ಚಿತ್ರ ಮಧ್ಯದಲ್ಲಿ ಎಡವುತ್ತದೆ. ಆಮೇಲೆ ಒಂದು ದಿನದ ಕ್ರಮದಲ್ಲಿ ಜೋಡಿಸಿ: ನಸುಕು, ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ. ಮೊದಲ ಸುತ್ತು ಮಾಮೂಲಿ ದಿನ, ಎರಡನೇ ಸುತ್ತು ಜರುಗಿದ ದಿನ. ಮೊದಲನೆಯದು ಏಳೆಂಟು ನಿಮಿಷ ದಾಟಿದರೆ ನೋಡುವವರು ಎದ್ದುಹೋಗುತ್ತಾರೆ. ಮೂರಕ್ಕಿಂತ ಕಡಿಮೆಯಾದರೆ ಎರಡನೇ ಸುತ್ತಿನಲ್ಲಿ ಏನು ಬದಲಾಯಿತು ಅಂತ ತಿಳಿಯುವುದಿಲ್ಲ.

ದೇಶಭಕ್ತಿ ಗೀತೆ ಬೇಡ, ಪಿಟೀಲು ಬೇಡ. ಮಗ್ಗ, ಕುಕ್ಕರ್ ಸೀಟಿ, ಓಣಿಯ ನಾಯಿ ಇವೆಯಲ್ಲ. ನಮ್ಮ ಊರಿನವರು ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ, ಹಿಂದಿ ಮೂರನ್ನೂ ಆಡುತ್ತಾರೆ. ಅದನ್ನು ಹಾಗೇ ಬಿಟ್ಟು ಸಬ್‌ಟೈಟಲ್ ಹಾಕಿ, ಒಂದು ಸಲಕ್ಕೆ ಎರಡು ಸಾಲು ಮೀರದಿರಲಿ. ಅಂಗಡಿ ಬೋರ್ಡುಗಳ ಮೇಲೆ ಕಣ್ಣಿರಲಿ, ಬೆಳಗಾವಿಯಲ್ಲಿ ಒಂದು ಬೋರ್ಡಿನ ಭಾಷೆ ಸಾಕು, ಚರ್ಚೆ ಪೂರ್ತಿ ಬೇರೆ ಯುದ್ಧದ ಕಡೆ ತಿರುಗಿಬಿಡುತ್ತದೆ.

ತೋರಿಸುವುದು, ಕಾಪಾಡುವುದು

ಮೊದಲ ಪ್ರದರ್ಶನ ಆ ಮನೆಯಲ್ಲೇ. ಲ್ಯಾಪ್‌ಟಾಪಿನಲ್ಲಿ ತೋರಿಸಿ, ಅವರು ‘ಇದ ಬ್ಯಾಡ’ ಅಂದಿದ್ದನ್ನು ಅಲ್ಲೇ ಬರೆದುಕೊಳ್ಳಿ. ಆಮೇಲೆ ನಿವೃತ್ತ ಸೈನಿಕರೊಬ್ಬರಿಗೆ ತೋರಿಸಿ. ನಿಮಗೆ ಕಾಣದ ಗುರುತು ಅವರ ಕಣ್ಣಿಗೆ ಬೀಳುತ್ತದೆ.

ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೊಗ್ರಾಫ್ ಕಾಯ್ದೆಯಂತೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಚಿತ್ರೋತ್ಸವಗಳಿಗೆ ವಿನಾಯಿತಿ ಕೊಡುವ ಪದ್ಧತಿ ಇದೆ, ಅದನ್ನು ಉತ್ಸವದವರೇ ನೋಡಿಕೊಳ್ಳುತ್ತಾರೆ. ಸಾಕ್ಷ್ಯಚಿತ್ರಗಳಿಗೆಂದೇ 1990ರಿಂದ ನಡೆಯುತ್ತಿರುವ ಮುಂಬೈ ಉತ್ಸವ ಎರಡು ವರ್ಷಕ್ಕೊಮ್ಮೆ ಬರುತ್ತದೆ. ತಿರುವನಂತಪುರದಲ್ಲಿ ಕೇರಳದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರ ಉತ್ಸವ ಇದೆ. ಎರಡಕ್ಕೂ ಕಳಿಸಿ. ಕೆಲವು ಉತ್ಸವಗಳು ಮೊದಲೇ ಯೂಟ್ಯೂಬಿಗೆ ಹಾಕಿದ ಚಿತ್ರವನ್ನು ತೆಗೆದುಕೊಳ್ಳುವುದಿಲ್ಲ, ನಿಯಮ ಓದಿ.

ಮೂಲ ಫೂಟೇಜಿನ ಮೂರು ಪ್ರತಿ ಇರಲಿ: ಎರಡು ಬೇರೆ ಬೇರೆ ಬಗೆಯ ಡಿಸ್ಕಿನಲ್ಲಿ, ಒಂದು ಬೇರೆ ಮನೆಯಲ್ಲಿ. ಪಾಸ್‌ವರ್ಡ್ ಹಾಕಿಡಿ. ನೀವು ಬರೆದು ಕೊಟ್ಟ ತಾರೀಖಿನೊಳಗೆ ಯಾರಾದರೂ ಒಪ್ಪಿಗೆ ಹಿಂದೆ ತೆಗೆದುಕೊಂಡರೆ ಮೂರೂ ಪ್ರತಿಗಳಿಂದ ಅವರ ದೃಶ್ಯ ಅಳಿಸಿ, ಅಳಿಸಿದ್ದೇವೆ ಅಂತ ಮನೆಗೆ ಹೋಗಿ ಹೇಳಿ ಬನ್ನಿ.